ಬಾಗಿಲನ್ನು ಎತ್ತುವುದು ಮೋಟಾರಲ್ಲ

ಪ್ರಶ್ನೆ: ನಾವು ಟೆಕ್ಸಾಸ್‌ನಲ್ಲಿ, ಡಲ್ಲಾಸ್ ಸಮೀಪ ಇದ್ದೇವೆ. ನಮ್ಮ ಮನೆ 2006ರದ್ದು. ಗ್ಯಾರೇಜಿನ ಬಾಗಿಲು, ಅದನ್ನು ತೆರೆಯುವ ಓಪನರ್ ಎರಡೂ ಆಗಿನವೇ. ಬಾಗಿಲಿನ ಸ್ಪ್ರಿಂಗ್ ಮಾತ್ರ ಬಹಳ ಹಿಂದೆ ಒಮ್ಮೆ ತುಂಡಾಗಿ ಹೊಸದು ಹಾಕಿಸಿದ್ದೆವು. ಈಗ ಬಟನ್ ಒತ್ತಿದರೆ ಮೋಟಾರ್ ತಿರುಗುವ ಸದ್ದು ಕೇಳುತ್ತದೆ, ಆದರೆ ಚೈನು ಅಲುಗುವುದಿಲ್ಲ. ಒಳಗಿದ್ದ ಕಾರಿನ ಮೇಲೆ ಬಿಳಿ ಪುಡಿ ಉದುರಿದೆ. ನೋಡಲು ಬಂದವರು, "ಹಳೆಯದಾಯಿತು, ಪೂರ್ತಿ ಬದಲಾಯಿಸಿ" ಎಂದು ಹೇಳಿ ಹೋದರು. ರಿಪೇರಿ ಆಗುವುದಿಲ್ಲವೇ? ಅಷ್ಟು ಭಾರದ ಬಾಗಿಲನ್ನು ಇಷ್ಟು ಚಿಕ್ಕ ಮೋಟಾರು ಎತ್ತುವುದಾದರೂ ಹೇಗೆ? ಇನ್ನೊಂದು ಸಂದೇಹ: ನಮ್ಮ ಅಣ್ಣನ ಮನೆಯ ಹಳೆಯ ರಿಮೋಟಿನೊಳಗೆ ಪುಟ್ಟ ಸ್ವಿಚ್ಚುಗಳ ಸಾಲಿದೆ. ಅಂಥದ್ದನ್ನು ಕಳ್ಳರು ಸುಲಭವಾಗಿ ತೆರೆಯುತ್ತಾರಂತೆ, ನಿಜವೇ? ಬೇಸಿಗೆಗೆ ಅತ್ತೆ, ಮಾವ ಮೈಸೂರಿನಿಂದ ಬರುತ್ತಿದ್ದಾರೆ. ಅಷ್ಟರಲ್ಲಿ ಇದನ್ನು ಸರಿ ಮಾಡಿಸಬೇಕು.

ಉತ್ತರ: ನೀವು ಬರೆದಿರುವ ಲಕ್ಷಣಗಳನ್ನು ನೋಡಿದರೆ ನಿಮ್ಮ ಓಪನರ್ ರಿಪೇರಿಯಾಗುವ ಸಾಧ್ಯತೆಯೇ ಹೆಚ್ಚು. ಆದರೆ ಬಿಡಿಭಾಗ ತರಿಸುವ ಮುಂಚೆ, ಹೊಸ ಯಂತ್ರಕ್ಕೆ ದುಡ್ಡು ಕೊಡುವ ಮುಂಚೆ, ಬಾಗಿಲನ್ನೇ ಒಮ್ಮೆ ಪರೀಕ್ಷಿಸಬೇಕು. ಓಪನರ್ ಕೆಟ್ಟಾಗ ಎಲ್ಲರ ಕಣ್ಣೂ ಚಾವಣಿಯ ಪೆಟ್ಟಿಗೆಯ ಮೇಲಿರುತ್ತದೆ. ಕಾಯಿಲೆ ಅನೇಕ ಸಲ ಬಾಗಿಲಿನದಾಗಿರುತ್ತದೆ.

ಮೊದಲು ಆ ಬಿಳಿ ಪುಡಿಯ ವಿಚಾರ. ಚೈನಿನ ಓಪನರ್‌ಗಳಲ್ಲಿ ಮೋಟಾರಿನ ಅಚ್ಚಿಗೆ ಒಂದು ವರ್ಮ್ ಗಿಯರ್ ಇರುತ್ತದೆ. ಅದು ನೈಲಾನಿನ ಒಂದು ಗಿಯರನ್ನು ತಿರುಗಿಸುತ್ತದೆ. ಆ ಗಿಯರಿನ ಅಚ್ಚಿನ ಮೇಲ್ತುದಿಯಲ್ಲಿರುವ ಹಲ್ಲುಚಕ್ರ ಚೈನನ್ನು ಎಳೆಯುತ್ತದೆ. ನೈಲಾನಿನ ಹಲ್ಲುಗಳು ಸವೆದು ಹೋದಾಗ ಮೋಟಾರು ತನ್ನ ಪಾಡಿಗೆ ತಿರುಗುತ್ತದೆ, ಚೈನು ನಿಂತಲ್ಲೇ ನಿಲ್ಲುತ್ತದೆ, ಸವೆದ ನೈಲಾನು ಪುಡಿಯಾಗಿ ಕೆಳಗೆ ಉದುರುತ್ತದೆ. ನಿಮ್ಮಲ್ಲಿ ಆಗಿರುವುದು ಬಹುಮಟ್ಟಿಗೆ ಇದೇ. ಈ ಗಿಯರ್ ಮತ್ತು ವರ್ಮ್ ಸೇರಿದ ಕಿಟ್ ಕಡಿಮೆ ಬೆಲೆಗೆ ಸಿಗುತ್ತದೆ. ನಿಮ್ಮ ಯಂತ್ರದ ಮಾಡೆಲ್ ನಂಬರ್ ನೋಡಿ ಅದಕ್ಕೆ ಹೊಂದುವ ಕಿಟ್ಟನ್ನೇ ತರಿಸಬೇಕು. ಪ್ಲಗ್ ಕಿತ್ತು, ಚೈನು ಸಡಿಲಿಸಿ, ಹಳೆಯ ಗಿಯರ್ ತೆಗೆದು, ಹೊಸದಕ್ಕೆ ಗ್ರೀಸ್ ಹಚ್ಚಿ ಕೂರಿಸುವುದು ಕೈ ಪಳಗಿದವರಿಗೆ ಒಂದೆರಡು ಗಂಟೆಯ ಕೆಲಸ.

ಇಷ್ಟಕ್ಕೇ ಬಿಟ್ಟರೆ ಉತ್ತರ ಅರ್ಧವಾಗುತ್ತದೆ. ಹಲ್ಲು ಯಾಕೆ ಸವೆಯಿತು ಎಂದು ತಿಳಿಯಬೇಕಾದರೆ ನಿಮ್ಮ ಎರಡನೆಯ ಪ್ರಶ್ನೆಗೆ ಬರಬೇಕು.

ಎರಡು ಕಾರು ಹಿಡಿಸುವ ಗ್ಯಾರೇಜಿನ ಬಾಗಿಲು ಸಾಮಾನ್ಯವಾಗಿ 16 ಅಡಿ ಅಗಲ, 7 ಅಡಿ ಎತ್ತರ. ಉಕ್ಕಿನ ಹಾಳೆಯದಾದರೂ 70 ಕಿಲೋ ಆಸುಪಾಸು ತೂಗುತ್ತದೆ, ಒಳಗೆ ಶಾಖನಿರೋಧಕ ತುಂಬಿದ್ದರೆ ಇನ್ನೂ ಹೆಚ್ಚು. ಅದನ್ನು ತೆರೆಯಲು ಸಾಮಾನ್ಯವಾಗಿ ಅರ್ಧ ಅಶ್ವಶಕ್ತಿಯ ಮೋಟಾರು ಸಾಕಾಗುತ್ತದೆ. ಯಾಕೆಂದರೆ ಭಾರ ಎತ್ತುವುದು ಮೋಟಾರಲ್ಲ, ಬಾಗಿಲಿನ ಮೇಲೆ ಅಡ್ಡ ಕಂಬಿಗೆ ಸುತ್ತಿರುವ ಸ್ಪ್ರಿಂಗು. ನಮ್ಮ ಊರಿನ ಅಂಗಡಿಯವರು ಬೆಳಿಗ್ಗೆ ಕಬ್ಬಿಣದ ರೋಲಿಂಗ್ ಶಟರನ್ನು ಒಂದೇ ಕೈಯಲ್ಲಿ ಮೇಲಕ್ಕೆ ತಳ್ಳುವುದನ್ನು ನೀವು ನೋಡಿರುತ್ತೀರಿ. ಶಟರ್ ಸುತ್ತಿಕೊಳ್ಳುವ ಕೊಳವೆಯೊಳಗಿನ ಸ್ಪ್ರಿಂಗು ಅಲ್ಲಿ ಮಾಡುವ ಕೆಲಸವನ್ನೇ ಇಲ್ಲಿ ಈ ಸ್ಪ್ರಿಂಗು ಮಾಡುತ್ತದೆ.

ಬಾಗಿಲು ಮುಚ್ಚಿದಾಗ ಅದರ ಭಾರವೇ ಎರಡು ಬದಿಯ ತಂತಿಹಗ್ಗಗಳನ್ನು ಎಳೆದು ಸ್ಪ್ರಿಂಗನ್ನು ಬಿಗಿಯುತ್ತದೆ. 7 ಅಡಿ ಬಾಗಿಲಿಗೆ ಸುಮಾರು ಏಳೂವರೆ ಸುತ್ತು. ತೆರೆಯುವಾಗ ಆ ಸುತ್ತು ಬಿಚ್ಚಿಕೊಳ್ಳುತ್ತ ಬಾಗಿಲನ್ನು ಮೇಲಕ್ಕೆಳೆಯುತ್ತದೆ. ಬಾಗಿಲಿನ ಹಲಗೆಗಳು ಒಂದೊಂದಾಗಿ ಚಾವಣಿಯ ಕೆಳಗಿನ ಅಡ್ಡ ಹಳಿಗೆ ಹೊರಳಿದಂತೆ ತೂಗುವ ಭಾರ ಕಡಿಮೆಯಾಗುತ್ತದೆ, ಅದೇ ಹೊತ್ತಿಗೆ ಸ್ಪ್ರಿಂಗಿನ ಬಿಗಿಯೂ ಇಳಿಯುತ್ತದೆ. ಇವೆರಡೂ ಪ್ರತಿ ಅಡಿಯಲ್ಲೂ ಸರಿಸಮವಾಗಿರುವಂತೆ ಲೆಕ್ಕ ಹಾಕಿರುತ್ತಾರೆ. ಮೋಟಾರಿಗೆ ಉಳಿಯುವುದು ಸ್ವಲ್ಪ ನೂಕುವ, ಸ್ವಲ್ಪ ತಡೆಯುವ ಕೆಲಸ ಮಾತ್ರ. ಚರಿತ್ರೆಯೂ ಇದನ್ನೇ ಹೇಳುತ್ತದೆ. ಅಮೆರಿಕದ ಸಿ. ಜಿ. ಜಾನ್ಸನ್ ಮೇಲಕ್ಕೆ ಸರಿಯುವ ಬಾಗಿಲನ್ನು ರೂಪಿಸಿದ್ದು 1921ರಲ್ಲಿ, ವಿದ್ಯುತ್ ಓಪನರನ್ನು ಹೊರತಂದದ್ದು 1926ರಲ್ಲಿ. ಮನುಷ್ಯನ ಕೈಯಲ್ಲಿ ಏಳುವ ಬಾಗಿಲು ಮೊದಲು ಬಂತು, ಯಂತ್ರ ಆಮೇಲೆ ಬಂತು.

ಆದ್ದರಿಂದ ನಿಮ್ಮ ಬಾಗಿಲು ಕೈಯಲ್ಲಿ ಏಳುತ್ತದೆಯೇ ನೋಡಿ. ಬಾಗಿಲು ಪೂರ್ತಿ ಮುಚ್ಚಿರುವಾಗಲೇ ಈ ಪರೀಕ್ಷೆ ಮಾಡಬೇಕು. ಮೇಲಿರುವ ಬಾಗಿಲಿನ ಸ್ಪ್ರಿಂಗು ಮುರಿದಿದ್ದರೆ, ಬಾಗಿಲನ್ನು ಯಂತ್ರದಿಂದ ಬಿಡಿಸುವ ಕೆಂಪು ಹಗ್ಗ ಎಳೆದ ಕ್ಷಣ ಬಾಗಿಲು ಧಡಾರನೆ ಕೆಳಗೆ ಬೀಳುತ್ತದೆ. ಮೊದಲು ಕಂಬಿಯ ಮೇಲಿನ ಸ್ಪ್ರಿಂಗನ್ನು ಕಣ್ಣಿನಲ್ಲೇ ಪರೀಕ್ಷಿಸಿ. ಸುರುಳಿಯ ನಡುವೆ ಒಂದೆರಡು ಅಂಗುಲದ ಬಿರುಕು ಕಂಡರೆ ಅದು ತುಂಡಾಗಿದೆ ಎಂದರ್ಥ. ಅಲ್ಲಿಗೇ ನಿಲ್ಲಿಸಿ, ಕೆಲಸದವರನ್ನು ಕರೆಸಿ. ಸರಿಯಿದ್ದರೆ ಓಪನರಿನ ಪ್ಲಗ್ ಕಿತ್ತು, ಚೈನು ಎಳೆಯುವ ಟ್ರಾಲಿಯಿಂದ ತೂಗುವ ಆ ಕೆಂಪು ಹಗ್ಗವನ್ನು ಎಳೆಯಿರಿ. ಈಗ ಬಾಗಿಲಿಗೂ ಯಂತ್ರಕ್ಕೂ ಸಂಬಂಧವಿಲ್ಲ. ಹಿಡಿ ಹಿಡಿದು ನಿಧಾನವಾಗಿ ಎತ್ತಿ, ಸೊಂಟದ ಮಟ್ಟಕ್ಕೆ ತಂದು ಕೈ ಸಡಿಲಿಸಿ ನೋಡಿ. ಒಳ್ಳೆಯ ಬಾಗಿಲು ಅಲ್ಲೇ ನಿಲ್ಲುತ್ತದೆ. ನಿಮ್ಮ ಕಾರನ್ನು ಹೊರತೆಗೆಯುವ ದಾರಿಯೂ ಇದೇ.

ಬಾಗಿಲು ಹಗುರವಾಗಿ ಎದ್ದು ನಿಂತರೆ ನೆಮ್ಮದಿಯಿಂದ ಗಿಯರ್ ಬದಲಾಯಿಸಿ. ಹೆಣಭಾರವಾಗಿದ್ದರೆ, ಕೈ ಬಿಟ್ಟೊಡನೆ ಕುಸಿದರೆ, ಸ್ಪ್ರಿಂಗು ಸೋತಿದೆ ಎಂದು ತಿಳಿಯಿರಿ. ಆ ಭಾರವನ್ನು ಇಷ್ಟು ದಿನ ನೈಲಾನಿನ ಹಲ್ಲುಗಳು ಹೊತ್ತಿವೆ, ಅದಕ್ಕೇ ಸವೆದಿವೆ. ಹಾಗಿರುವಾಗ ಹೊಸ ಗಿಯರ್ ಹಾಕಿದರೂ ಸವೆಯುತ್ತದೆ, ಹೊಸ ಓಪನರ್ ತಂದರೂ ಬೇಗನೆ ಬಳಲುತ್ತದೆ. ಪೂರ್ತಿ ಬದಲಾಯಿಸಿ ಎಂದವರು ಬಾಗಿಲನ್ನು ಕೈಯಲ್ಲಿ ಎತ್ತಿ ನೋಡಿದ್ದರೇ ಎಂದು ನೀವು ಕೇಳಬೇಕು. ಎತ್ತಿ ನೋಡದೆ ಹೇಳಿದ ಸಲಹೆಯನ್ನು ಒಪ್ಪಬೇಡಿ.

ಇನ್ನೊಂದು ಎಚ್ಚರಿಕೆ. ಓಪನರಿನಲ್ಲಿ ಬಲ ಹೆಚ್ಚು ಕಡಿಮೆ ಮಾಡುವ ತಿರುಪು ಇರುತ್ತದೆ. ಭಾರದ ಬಾಗಿಲನ್ನು ಹೇಗಾದರೂ ಎತ್ತಿಸಬೇಕೆಂದು ಕೆಲವರು ಅದನ್ನು ಹೆಚ್ಚಿಸುತ್ತಾರೆ. ಏನಾದರೂ ಅಡ್ಡ ಸಿಕ್ಕಾಗ ಬಾಗಿಲು ಹಿಂದಿರುಗಬೇಕೋ ಬೇಡವೋ ಎಂದು ತೀರ್ಮಾನಿಸುವುದು ಈ ಬಲದ ಮಿತಿಯೇ. ಅದನ್ನು ಹೆಚ್ಚಿಸಿದಷ್ಟೂ ಕೆಳಗೆ ಸಿಕ್ಕವರಿಗೆ ಅಪಾಯ ಹೆಚ್ಚುತ್ತದೆ. ಮಕ್ಕಳು, ಹಿರಿಯರು ಓಡಾಡುವ ಮನೆಯಲ್ಲಿ ಈ ಅಡ್ಡದಾರಿ ಹಿಡಿಯಲೇಬಾರದು.

ಸ್ಪ್ರಿಂಗಿಗೆ ಆಯುಷ್ಯ ಉಂಟು. ಸಾಧಾರಣ ಸ್ಪ್ರಿಂಗನ್ನು ಸುಮಾರು 10,000 ಸಲ ತೆರೆದು ಮುಚ್ಚುವಷ್ಟಕ್ಕೆ ಮಾಡಿರುತ್ತಾರೆ. ದಿನಕ್ಕೆ ನಾಲ್ಕು ಸಲ ಎಂದರೆ ಏಳು ವರ್ಷ. ಅಮೆರಿಕದಲ್ಲಿರುವ ನಮ್ಮವರ ಅನೇಕ ಮನೆಗಳಲ್ಲಿ ಚಪ್ಪಲಿ ಬಿಡುವುದೂ ಗ್ಯಾರೇಜಿನಲ್ಲೇ, ಮನೆಯವರು ಹೋಗಿಬರುವುದೂ ಅದರ ಮೂಲಕವೇ. ಮುಂಬಾಗಿಲು ತೆರೆಯುವುದು ನೆಂಟರು ಬಂದಾಗ ಮಾತ್ರ. ಹಾಗಾಗಿ ಏಳು ವರ್ಷವೂ ಬರದಿರಬಹುದು. ನಿಮ್ಮದು ಬದಲಾಗಿ ಬಹಳ ಕಾಲವಾಗಿದ್ದರೆ ಮತ್ತೆ ಬದಲಾಯಿಸುವ ಸಮಯ ಹತ್ತಿರದಲ್ಲಿದೆ. ಎರಡು ಸ್ಪ್ರಿಂಗಿದ್ದು ಒಂದು ಮುರಿದರೆ ಎರಡನ್ನೂ ಒಟ್ಟಿಗೇ ಹಾಕಿಸಿ, ಏಕೆಂದರೆ ಎರಡೂ ಒಂದೇ ಲೆಕ್ಕದಲ್ಲಿ ದಣಿದಿರುತ್ತವೆ. ಈ ಕೆಲಸಕ್ಕೆ ಮಾತ್ರ ನೀವು ಕೈ ಹಾಕಬೇಡಿ. ಬಿಗಿದ ಸ್ಪ್ರಿಂಗಿನಲ್ಲಿ ಇಡೀ ಬಾಗಿಲನ್ನು ಎತ್ತುವ ಶಕ್ತಿ ಅಡಗಿರುತ್ತದೆ. ತಪ್ಪಿದರೆ ಕೈ ಮುರಿಯಬಹುದು, ಜೀವವೂ ಹೋಗಬಹುದು. ತಂತಿಹಗ್ಗ ಸಿಕ್ಕಿಸಿದ ಬಾಗಿಲಿನ ಕೆಳತುದಿಯ ಪಟ್ಟಿಗಳನ್ನೂ ಬಿಚ್ಚಬೇಡಿ. ಅವುಗಳ ಮೇಲೂ ಅದೇ ಎಳೆತವಿರುತ್ತದೆ.

ಓಪನರ್ ಸತ್ತಂತೆ ಕಾಣುವ ಎಷ್ಟೋ ದೋಷಗಳು ಚಿಲ್ಲರೆಯವು. ಬಾಗಿಲು ಏರುತ್ತದೆ, ಆದರೆ ಇಳಿಯಲು ಹೊರಟು ಹಿಂದಿರುಗುತ್ತದೆ, ದೀಪ ಮಿಣುಕುತ್ತದೆ ಎಂದರೆ ಎರಡು ಬದಿಯ ಫೋಟೋ ಸೆನ್ಸರ್‌ಗಳು ಒಂದನ್ನೊಂದು ನೋಡುತ್ತಿಲ್ಲ. ಜೇಡರ ಬಲೆ ಒರೆಸಿ, ನೇರವಾಗಿ ತಿರುಗಿಸಿದರೆ ಸರಿಹೋಗುತ್ತದೆ. ಇಳಿಬಿಸಿಲು ನೇರವಾಗಿ ಬಿದ್ದಾಗಲೂ ಹೀಗಾಗುವುದುಂಟು. ಗೋಡೆಯ ಬಟನ್ ಕೆಲಸ ಮಾಡಿ ರಿಮೋಟ್ ಮಾಡದಿದ್ದರೆ ಅದರ ಬ್ಯಾಟರಿ ನೋಡಿ. ಹೊಸ ಎಲ್‌ಇಡಿ ಬಲ್ಬು ಹಾಕಿದ ಮೇಲೆ ರಿಮೋಟ್ ದೂರದಿಂದ ಕೇಳದಂತಾಗಿದ್ದರೆ ಬಲ್ಬು ತೆಗೆದು ನೋಡಿ, ಕೆಲವು ಬಲ್ಬುಗಳು ರೇಡಿಯೋ ಸಂಕೇತವನ್ನು ಕೆಡಿಸುತ್ತವೆ. ಮೋಟಾರು ಗುಂಯ್‌ಗುಟ್ಟಿ ತಿರುಗದಿದ್ದರೆ ಕೆಪಾಸಿಟರ್ ಹೋಗಿರಬಹುದು. ಪ್ಲಗ್ ಕಿತ್ತ ಮೇಲೂ ಅದರಲ್ಲಿ ವಿದ್ಯುತ್ ಉಳಿದಿರಬಹುದಾದ್ದರಿಂದ ತಿಳಿದವರೇ ಮುಟ್ಟಲಿ.

ಹಾಗಾದರೆ ಬದಲಾಯಿಸುವುದು ಯಾವಾಗ? ಮೂರು ಸಂದರ್ಭಗಳಲ್ಲಿ ನಾನು ಹಿಂಜರಿಯದೆ ಬದಲಾಯಿಸಿ ಎನ್ನುತ್ತೇನೆ. ಒಂದು, ಸಿಡಿಲಿನ ಹೊಡೆತಕ್ಕೋ ಮುಪ್ಪಿಗೋ ಎಲೆಕ್ಟ್ರಾನಿಕ್ ಬೋರ್ಡ್ ಕೆಟ್ಟಿದ್ದು ಯಂತ್ರಕ್ಕೆ ಹದಿನೈದು ವರ್ಷ ದಾಟಿದ್ದರೆ. ಬೋರ್ಡಿಗೆ ಕೊಡುವ ಹಣ ಹೊಸ ಯಂತ್ರದ ಬೆಲೆಯಲ್ಲಿ ದೊಡ್ಡ ಪಾಲಾಗುತ್ತದೆ, ಉಳಿದ ಭಾಗಗಳು ಹಳೆಯವಾಗಿಯೇ ಇರುತ್ತವೆ. ಎರಡು, ಫೋಟೋ ಸೆನ್ಸರ್ ಇಲ್ಲದ ಯಂತ್ರ. ಬಾಗಿಲಿನ ಕೆಳಗೆ ಸಿಕ್ಕಿ ಮಕ್ಕಳು ಸತ್ತ ಪ್ರಕರಣಗಳಾದ ಮೇಲೆ ಅಮೆರಿಕದ ಕಾಂಗ್ರೆಸ್ 1990ರಲ್ಲಿ ಕಾನೂನು ತಂದಿತು. 1993ರ ಜನವರಿ 1ರಿಂದ ತಯಾರಾದ ಪ್ರತಿ ಮನೆ ಓಪನರಿಗೂ, ಬಾಗಿಲು ತಗಲಿದರೆ ಹಿಂದಿರುಗುವ ವ್ಯವಸ್ಥೆಯ ಜೊತೆಗೆ ಸೆನ್ಸರಿನಂಥ ಎರಡನೆಯ ರಕ್ಷಣೆಯೂ ಕಡ್ಡಾಯವಾಯಿತು. ಅದಕ್ಕಿಂತ ಹಳೆಯದು ಎಷ್ಟೇ ಚೆನ್ನಾಗಿ ಓಡುತ್ತಿದ್ದರೂ ಅದನ್ನು ತೆಗೆದುಹಾಕಬೇಕು.

ಮೂರನೆಯ ಸಂದರ್ಭ ನಿಮ್ಮ ಅಣ್ಣನ ಮನೆಯದು. ಪುಟ್ಟ ಸ್ವಿಚ್ಚುಗಳ ಆ ರಿಮೋಟ್ ಎಂದೂ ಬದಲಾಗದ ಒಂದೇ ಸಂಕೇತವನ್ನು ಕಳಿಸುತ್ತದೆ. ಎರಡು ಸ್ಥಾನದ 12 ಸ್ವಿಚ್ಚಿದ್ದರೆ ಸಾಧ್ಯವಿರುವ ಸಂಕೇತಗಳು 4,096. ಒಂದೊಂದಾಗಿ ಎಲ್ಲವನ್ನೂ ಕಳಿಸಿದರೆ 49,152 ಬಿಟ್‌ಗಳಾಗುತ್ತವೆ. ಆದರೆ ಹಳೆಯ ರಿಸೀವರುಗಳಲ್ಲಿ ಅನೇಕವು ಒಂದು ಸಂಕೇತ ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಯಿತೆಂದು ನೋಡುವುದಿಲ್ಲ. ಆದ್ದರಿಂದ ಸಂಕೇತಗಳನ್ನು ಒಂದರೊಳಗೊಂದು ಹೆಣೆದು ಕಳಿಸಬಹುದು.

ಈ ಹೆಣಿಗೆ ಕನ್ನಡ ಶಾಲೆಯಲ್ಲಿ ಛಂದಸ್ಸು ಕಲಿತವರಿಗೆ ಹೊಸದಲ್ಲ. 'ಯಮಾತಾರಾಜಭಾನಸಲಗಂ' ಎಂಬ ಸೂತ್ರವನ್ನು ನೆನಪಿಸಿಕೊಳ್ಳಿ. ಯಮಾತಾ ಎಂದರೆ ಯಗಣ, ಮಾತಾರಾ ಎಂದರೆ ಮಗಣ, ತಾರಾಜ ಎಂದರೆ ತಗಣ. ಒಂದೊಂದೇ ಅಕ್ಷರ ಮುಂದೆ ಸರಿದು ಮೂರು ಮೂರನ್ನು ಓದುತ್ತ ಹೋದರೆ ಲಘು-ಗುರುಗಳ ಎಂಟು ಗಣಗಳೂ ಸಿಗುತ್ತವೆ. ಬಿಡಿಬಿಡಿಯಾಗಿ ಬರೆದರೆ 24 ಅಕ್ಷರ ಬೇಕು, ಇಲ್ಲಿ ಹತ್ತೇ ಸಾಕು. ಗಣಿತದಲ್ಲಿ ಇಂಥ ಸಾಲಿಗೆ ಡಿ ಬ್ರೂಯಿನ್ ಸರಣಿ ಎನ್ನುತ್ತಾರೆ. ಹನ್ನೆರಡು ಬಿಟ್‌ಗಳಿಗೆ ಹೀಗೆ ಹೆಣೆದರೆ 49,152ರ ಬದಲು 4,107 ಬಿಟ್‌ಗಳಲ್ಲೇ ಎಲ್ಲ ಸಂಕೇತಗಳೂ ಮುಗಿಯುತ್ತವೆ. 2015ರಲ್ಲಿ ಸ್ಯಾಮಿ ಕಾಮ್ಕರ್ ಎಂಬ ಭದ್ರತಾ ತಜ್ಞರು ಈ ಉಪಾಯ ಬಳಸಿ, ಮಕ್ಕಳ ಆಟಿಕೆಯೊಂದನ್ನು ಮಾರ್ಪಡಿಸಿ, ಸ್ಥಿರ ಸಂಕೇತದ ಬಾಗಿಲುಗಳನ್ನು ಹತ್ತು ಸೆಕೆಂಡಿಗೂ ಕಡಿಮೆ ಸಮಯದಲ್ಲಿ ತೆರೆಯಬಹುದೆಂದು ತೋರಿಸಿದರು. ಅಣ್ಣನವರಿಗೆ ಇದನ್ನು ತಿಳಿಸಿ. ನಿಮ್ಮ 2006ರ ಯಂತ್ರದ ರಿಮೋಟಿನಲ್ಲಿ ಸ್ವಿಚ್ಚುಗಳ ಸಾಲಿಲ್ಲದಿದ್ದರೆ ಅದು ಬಹುಶಃ ರೋಲಿಂಗ್ ಕೋಡಿನದು, ಒತ್ತಿದಾಗಲೆಲ್ಲ ಹೊಸ ಸಂಕೇತ ಕಳಿಸುತ್ತದೆ. ಈ ಉಪಾಯ ಅಲ್ಲಿ ನಡೆಯುವುದಿಲ್ಲ.

ಅಣ್ಣನವರು ಹೊಸದು ಕೊಳ್ಳುವಾಗ, ಗ್ಯಾರೇಜಿನ ಮೇಲೆ ಮಲಗುವ ಕೋಣೆಯಿದ್ದರೆ ಚೈನಿನ ಬದಲು ಸದ್ದು ಕಡಿಮೆಯ ಬೆಲ್ಟ್ ಇರುವುದನ್ನು ಆರಿಸಲಿ. ಬ್ಯಾಟರಿ ಇರುವುದನ್ನೇ ತರಲಿ. 2017ರ ಕಾಡ್ಗಿಚ್ಚಿನ ಅನುಭವದ ನಂತರ ಕ್ಯಾಲಿಫೋರ್ನಿಯಾ ಕಾನೂನು ಮಾಡಿ, 2019ರ ಜುಲೈ 1ರಿಂದ ಅಲ್ಲಿ ಮಾರುವ ಮನೆ ಓಪನರುಗಳಿಗೆ ಬ್ಯಾಟರಿ ಕಡ್ಡಾಯಗೊಳಿಸಿತು. ವಿದ್ಯುತ್ ಇಲ್ಲದ ಹೊತ್ತಿನಲ್ಲಿ ಬಾಗಿಲು ತೆರೆಯಲಾಗದೆ ಒಳಗೆ ಸಿಕ್ಕಿಕೊಂಡವರ ಸಂಕಟ ಅದರ ಹಿಂದಿದೆ. 2021ರ ಫೆಬ್ರವರಿಯ ಹಿಮಗಾಳಿಯಲ್ಲಿ ಟೆಕ್ಸಾಸ್‌ನ ಲಕ್ಷಾಂತರ ಮನೆಗಳು ದಿನಗಟ್ಟಲೆ ಕತ್ತಲಲ್ಲಿದ್ದದ್ದು ನಿಮಗೆ ಗೊತ್ತೇ ಇದೆ.

ನಿಮ್ಮ ಮನೆಯದು ರಿಪೇರಿಯಾದ ಮೇಲೆ ಎರಡು ಪರೀಕ್ಷೆ ಮಾಡಿ, ಆಮೇಲೆ ತಿಂಗಳಿಗೊಮ್ಮೆ ಮುಂದುವರಿಸಿ. ಒಂದೂವರೆ ಅಂಗುಲ ದಪ್ಪದ ಮರದ ತುಂಡನ್ನು ಬಾಗಿಲಿನ ಕೆಳಗೆ ಮಲಗಿಸಿ ಮುಚ್ಚಿ. ತಗಲಿದ ಎರಡು ಸೆಕೆಂಡಿನೊಳಗೆ ಬಾಗಿಲು ಮೇಲಕ್ಕೆ ಹಿಂದಿರುಗಬೇಕು. ಇಳಿಯುತ್ತಿರುವಾಗ ಸೆನ್ಸರಿನ ಮುಂದೆ ಪೊರಕೆಯ ಹಿಡಿಯನ್ನು ಆಡಿಸಿ, ಆಗಲೂ ಹಿಂದಿರುಗಬೇಕು. ಸೆನ್ಸರ್ ನೆಲದಿಂದ ಆರು ಅಂಗುಲಕ್ಕಿಂತ ಮೇಲಿರಕೂಡದು, ತೆವಳುವ ಮಗುವೂ ಅದರ ಕಣ್ಣಿಗೆ ಬೀಳಬೇಕು.

ಅತ್ತೆ, ಮಾವ ಬಂದ ಮೊದಲ ದಿನವೇ ಅವರನ್ನು ಗ್ಯಾರೇಜಿಗೆ ಕರೆದೊಯ್ದು ಗೋಡೆಯ ಬಟನ್, ಕೆಂಪು ಹಗ್ಗ ಎರಡನ್ನೂ ತೋರಿಸಿ. ನೀವು ಕೆಲಸಕ್ಕೆ ಹೋಗಿರುವಾಗ ಕರೆಂಟು ಹೋದರೂ ಬಾಗಿಲು ಎತ್ತಿ ಹೊರಬರುವುದು ಅವರಿಂದ ಸಾಧ್ಯವಾಗಬೇಕು. ವಯಸ್ಸಾದವರ ಕೈಗೂ ಹಗುರವಾಗಿ ಏಳುವಂತೆ ಸ್ಪ್ರಿಂಗನ್ನು ಸರಿ ಮಾಡಿಸಿಟ್ಟಿದ್ದರೆ ನಿಮ್ಮ ಹಳೆಯ ಓಪನರ್ ಇನ್ನೂ ಕೆಲವು ವರ್ಷ ಬಾಳುತ್ತದೆ. ಮೊದಲ ಖರ್ಚು ಬಾಗಿಲಿಗಾಗಲಿ, ಉಳಿದದ್ದು ಯಂತ್ರಕ್ಕೆ.