ಮೇಣದ ಹೂವಿನ ಬಳ್ಳಿ

ಬಳ್ಳಿ ಎಂದೊಡನೆ ನಮ್ಮ ಕಾಸರಗೋಡಿನ ಕಡೆಯ ಮಕ್ಕಳಿಗೆ ನೆನಪಾಗುವುದು ಕಂಗಿಗೆ ಹಬ್ಬಿದ ಕರಿಮೆಣಸು, ಇಲ್ಲವೆ ಬಾವಿಕಟ್ಟೆಯ ಬಳಿಯ ವೀಳ್ಯದೆಲೆ. ನೀರು ಗೊಬ್ಬರ ಕೊಟ್ಟರೆ ಇವು ಭರದಿಂದ ಏರುತ್ತವೆ. ಆದರೆ ಎಷ್ಟು ಉಪಚರಿಸಿದರೂ ತನ್ನ ನಿಧಾನವನ್ನು ಬಿಡದ, ಉಪಚಾರ ಹೆಚ್ಚಾದರೆ ಸತ್ತೇ ಹೋಗುವ ಬಳ್ಳಿಯೊಂದುಂಟು. ಅದು ಹೋಯಾ. ಹೂಗಳು ಮೇಣದಲ್ಲಿ ಎರಕ ಹೊಯ್ದಂತೆ ಕಾಣುವುದರಿಂದ ಮೇಣದ ಹೂವಿನ ಬಳ್ಳಿ ಎಂದು ಕರೆದರೂ ಸರಿಯೆ.

ಈ ಹೆಸರಿಗೊಂದು ಕತೆಯಿದೆ. ಇಂಗ್ಲೆಂಡಿನಲ್ಲಿ ಲಂಡನ್ನಿನ ಹತ್ತಿರದ ಸಯನ್ ಹೌಸ್ ಎಂಬ ಬಂಗಲೆಯಲ್ಲಿ ಥಾಮಸ್ ಹಾಯ್ ಎಂಬವನು ಮುಖ್ಯ ತೋಟಗಾರನಾಗಿದ್ದನು. ಸಸ್ಯವಿಜ್ಞಾನಿ ರಾಬರ್ಟ್ ಬ್ರೌನ್ 1810ರಲ್ಲಿ ಈ ಕುಲಕ್ಕೆ ಅವನ ಹೆಸರನ್ನಿಟ್ಟನು. ಬಂಗಲೆಯ ಒಡೆಯನಾದ ಡ್ಯೂಕನ ಹೆಸರನ್ನಲ್ಲ, ತೋಟಗಾರನ ಹೆಸರನ್ನು! ಮನೆಗಳಲ್ಲಿ ಸಾಮಾನ್ಯವಾಗಿ ಬೆಳೆಸುವ ಹೋಯಾ ಕಾರ್ನೋಸಾ ಪೂರ್ವ ಏಷ್ಯದ್ದು. ನಮ್ಮ ಪಶ್ಚಿಮ ಘಟ್ಟದ ಕಾಡುಗಳಲ್ಲಿಯೂ ಇದರ ಬಂಧುವಾದ ಹೋಯಾ ವೈಟಿಯೈ ಮರಗಳಿಗೆ ಅಂಟಿಕೊಂಡು ಬೆಳೆಯುತ್ತದೆ. ಮರದ ಮೇಲೆ ಕಂಡದ್ದನ್ನೆಲ್ಲ ಬಂದಳಿಕೆ ಎನ್ನುವವರಿದ್ದಾರೆ, ಅದು ತಪ್ಪು. ಬಂದಳಿಕೆ ಮರದ ರಸವನ್ನು ಹೀರುತ್ತದೆ. ಹೋಯಾ ಸೀತೆದಂಡೆಯ ಹಾಗೆ ಮರದಲ್ಲಿ ಆಶ್ರಯವನ್ನು ಮಾತ್ರ ಪಡೆಯುತ್ತದೆ.

ನಮ್ಮ ವಿಜ್ಞಾನ ಸಂಘಕ್ಕೆ ಈ ಬಳ್ಳಿಯ ಒಂದು ತುಂಡನ್ನು ಕೊಟ್ಟವರು ನಿವೃತ್ತ ಅಧ್ಯಾಪಿಕೆಯೊಬ್ಬರು. ಅವರ ಮನೆಯ ಚಾವಡಿಯಲ್ಲಿ ಅದು ಇಪ್ಪತ್ತು ವರ್ಷಕ್ಕೂ ಮಿಕ್ಕಿ ಬದುಕಿದೆ. ನಾವು ಅದನ್ನು ದೊಡ್ಡ ಚಟ್ಟಿಯಲ್ಲಿ ಕೆಂಪು ಮಣ್ಣು ತುಂಬಿ ನೆಟ್ಟೆವು, ಪ್ರತಿ ತರಗತಿಗೂ ನೀರು ಹಾಕುವ ಸರದಿ ಹಂಚಿದೆವು. ಜೂನ್ ತಿಂಗಳ ಮಳೆ ಬೇರೆ. ಆಷಾಢ ಮುಗಿಯುವುದರೊಳಗೆ ಎಲೆಗಳು ಹಳದಿಯಾಗಿ ಉದುರಿದವು, ಬುಡ ಕಪ್ಪಾಗಿ ಮೆತ್ತಗಾಯಿತು. ತಪ್ಪೊಪ್ಪಿಕೊಳ್ಳಲು ಹೋದಾಗ ಅವರು ಬೈಯಲಿಲ್ಲ. "ಎಷ್ಟು ಮಂದಿ ನೀರು ಹಾಕುತ್ತಿದ್ದಿರಿ?" ಎಂದು ಮಾತ್ರ ಕೇಳಿದರು.

ನಾವು ಮಾಡಿದ್ದೇನೆಂಬುದು ಆ ಮೇಲೆ ತಿಳಿಯಿತು. ಹೋಯಾ ಕಾರ್ನೋಸಾದ ದಪ್ಪ ಎಲೆಯೇ ಅದರ ನೀರಿನ ಕೊಡಪಾನ. ಹೆಚ್ಚಿನ ಗಿಡಗಳು ಹಗಲಿನಲ್ಲಿ ಪತ್ರರಂಧ್ರಗಳನ್ನು ತೆರೆದು ಇಂಗಾಲದ ಡೈಆಕ್ಸೈಡನ್ನು ಒಳಗೆಳೆಯುತ್ತವೆ, ಆಗ ನೀರು ಆವಿಯಾಗಿ ನಷ್ಟವಾಗುತ್ತದೆ. ಇದಾದರೋ ಮುಖ್ಯವಾಗಿ ರಾತ್ರಿ ತಂಪಿನಲ್ಲಿ ರಂಧ್ರಗಳನ್ನು ತೆರೆದು, ಪಡೆದುದನ್ನು ಆಮ್ಲದ ರೂಪದಲ್ಲಿ ಕೂಡಿಟ್ಟು, ಹಗಲಿನ ಬೆಳಕಿನಲ್ಲಿ ಅದರಿಂದ ಆಹಾರ ತಯಾರಿಸುತ್ತದೆ. ಇದರಿಂದ ನೀರಿನ ಉಳಿತಾಯವೇನೋ ಆಗುತ್ತದೆ, ಆದರೆ ಬೆಳವಣಿಗೆ ನಿಧಾನ. ಮರದ ತೊಗಟೆಯಲ್ಲಿ ಗಾಳಿಯಾಡುವ ಬೇರುಗಳನ್ನು ಸದಾ ಒದ್ದೆಯಾದ ಜಿಗಟು ಮಣ್ಣಿನಲ್ಲಿ ಹೂತರೆ ಅವು ಉಸಿರುಕಟ್ಟಿ ಕೊಳೆಯುತ್ತವೆ.

ಅದೃಷ್ಟಕ್ಕೆ ತುದಿಯಲ್ಲಿ ಹಸಿರಾದ ಎರಡು ಗೆಣ್ಣು ಉಳಿದಿದ್ದವು. ಅಷ್ಟನ್ನೇ ಕತ್ತರಿಸಿ, ಒಂದು ದಿನ ನೆರಳಿನಲ್ಲಿ ಗಾಯ ಒಣಗಿಸಿ, ಮತ್ತೆ ನೆಟ್ಟೆವು. ಈ ಸಲ ಅಂಗೈಯಗಲದ ಮಣ್ಣಿನ ಕುಂಡ, ತಳದಲ್ಲಿ ತೂತು. ತೆಂಗಿನ ಸಿಪ್ಪೆಯನ್ನು ನೀರಿನಲ್ಲಿ ನೆನೆಸಿ ತೊಳೆದು ಮಾಡಿದ ಚೂರು ಎರಡು ಪಾಲು, ಇದ್ದಿಲ ಚೂರು ಒಂದು ಪಾಲು, ಒಣ ಸೆಗಣಿ ಗೊಬ್ಬರ ಒಂದು ಪಾಲು. ಇಟ್ಟದ್ದು ಪೂರ್ವದ ಕಿಟಕಿಯಲ್ಲಿ. ಬೆಳಗಿನ ಬಿಸಿಲು ಒಳ್ಳೆಯದು, ಮಧ್ಯಾಹ್ನದ ಬಿಸಿಲು ಎಲೆಯನ್ನು ಸುಡುತ್ತದೆ. ಕತ್ತಲ ಮೂಲೆಯಲ್ಲಿಟ್ಟರೆ ಬದುಕೀತು, ಹೂ ಬಿಡದು.

ನೀರಿಗೆ ದಿನ ವಾರಗಳ ಲೆಕ್ಕ ಬೇಡ. ಬೆರಳನ್ನು ಎರಡು ಗೆಣ್ಣಿನಷ್ಟು ಒಳಗಿಳಿಸಿ ನೋಡಿ, ಒಣಗಿದ್ದರೆ ಮಾತ್ರ ಹಾಕಿ. ಎಲೆಯನ್ನು ಮೆಲ್ಲಗೆ ಬಗ್ಗಿಸಿದಾಗ ಸೆಟೆದು ನಿಂತರೆ ಬಾಯಾರಿಕೆಯಿಲ್ಲ, ಸುಲಭವಾಗಿ ಬಾಗಿದರೆ ಉಂಟು. ಆದರೆ ಮಣ್ಣು ಒದ್ದೆಯಿದ್ದೂ ಎಲೆ ಬಾಡಿದ್ದರೆ ಬೇರು ಕೊಳೆತಿರಬಹುದು, ಆಗ ನೀರು ಹಾಕಲೇಬಾರದು. ಮಳೆಗಾಲದಲ್ಲಿ ಇರಚಲು ಬೀಳದ ಕಡೆ ಇಡಬೇಕು. ನಮ್ಮಲ್ಲಿ ಈಗ ನೀರು ಹಾಕುವವರು ಒಬ್ಬರೇ.

ಕೀಟ ಬಾಧೆ ಅಷ್ಟಾಗಿ ಇಲ್ಲ. ಗೆಣ್ಣುಗಳಲ್ಲಿ ಬಿಳಿ ಹಿಟ್ಟುತಿಗಣೆಯೂ ಎಳೆ ಕುಡಿಯಲ್ಲಿ ಹಳದಿ ಹೇನೂ ಕಾಣಿಸಬಹುದು. ಎಕ್ಕದ ಗಿಡದಲ್ಲಿ ನೀವು ನೋಡುವ ಹೇನೇ ಅದು. ಎಕ್ಕವೂ ಹೋಯಾವೂ ಹಾಲು ಸುರಿಸುವ ಒಂದೇ ಕುಟುಂಬದವು. ಸಾಬೂನು ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಒರಸಿದರೆ ಸಾಕು.

ತಿಂಗಳುಗಟ್ಟಲೆ ಏನೂ ಬೆಳೆಯದೆ ಒಮ್ಮೆ ಎಲೆಯಿಲ್ಲದ ಉದ್ದನೆಯ ಕುಡಿ ಹೊರಟಿತು. ಯಾರೋ ಪುಣ್ಯಾತ್ಮರು ಒಣಕಡ್ಡಿಯೆಂದು ಕತ್ತರಿಸಿಬಿಟ್ಟರು! ಅದು ಒಣಕಡ್ಡಿಯಲ್ಲ, ಬಳ್ಳಿ ಮೊದಲು ಆಸರೆಗೆ ಕೈಚಾಚುತ್ತದೆ, ಎಲೆ ಅನಂತರ. ಮೂರನೆಯ ವರ್ಷ ಮಾರ್ಚಿಯಲ್ಲಿ ಹೂಗೊಂಚಲು ಬಂತು. ಐದೆಸಳಿನ ತಿಳಿಗುಲಾಬಿ ನಕ್ಷತ್ರಗಳು, ನಡುವೆ ಕೆಂಪು. ಸಂಜೆಯಾದರೆ ಕೋಣೆಯೆಲ್ಲ ಪರಿಮಳ. ವಾರ್ಷಿಕೋತ್ಸವದ ವೇದಿಕೆಯ ಹೂದಾನಿಗೆಂದು ಅದನ್ನು ತೊಟ್ಟು ಸಮೇತ ಚಿವುಟಿದವರು ನಾವೇ. ಹೋಯಾ ಮರುವರ್ಷವೂ ಅದೇ ತೊಟ್ಟಿನ ತುದಿಯಲ್ಲಿ ಹೂ ಬಿಡುತ್ತದೆ ಎಂಬುದು ಆಗ ನಮಗೆ ಗೊತ್ತಿರಲಿಲ್ಲ. ಕಳೆದ ವರ್ಷ ಹೂವಿಲ್ಲದೆ ಕಳೆಯಿತು.

ಇನ್ನೊಂದು ಮಾತು. ಹೃದಯದಾಕಾರದ ಒಂದೇ ಎಲೆ ನೆಟ್ಟ ಪುಟ್ಟ ಕುಂಡಗಳು ನರ್ಸರಿಗಳಲ್ಲಿ ದೊರೆಯುತ್ತವೆ. ಅದು ಹೋಯಾ ಕೆರಿಯೈ ಎಂಬ ಜಾತಿ. ಕಾಂಡದ ಗೆಣ್ಣು ಇಲ್ಲದ ಎಲೆ ಬೇರು ಬಿಟ್ಟು ವರ್ಷಗಟ್ಟಲೆ ಹಸಿರಾಗಿದ್ದರೂ ಬಳ್ಳಿಯಾಗುವುದಿಲ್ಲ. ಹಣ ಕೊಡುವ ಮುನ್ನ ಗೆಣ್ಣು ಉಂಟೇ ಎಂದು ನೋಡಿರಿ.

ಈ ಬರಹ ಬರೆಯುವಾಗ ನಮ್ಮ ಬಳ್ಳಿಯ ಇನ್ನೊಂದು ಗೆಣ್ಣಿನಲ್ಲಿ ಹೊಸ ತೊಟ್ಟು ಮೂಡಿದೆ, ಮೊಗ್ಗುಗಳು ಸಾಸಿವೆಯಷ್ಟಾಗಿವೆ. ಮೊಗ್ಗಿರುವಾಗ ಕುಂಡವನ್ನು ಅತ್ತಿತ್ತ ಸರಿಸಿದರೆ ಉದುರುವುದುಂಟು, ಆದ್ದರಿಂದ ದಯವಿಟ್ಟು ಮುಟ್ಟಬೇಡಿ. ಹೂ ಮುಗಿದ ಮೇಲೆ ಬೇಕಾದವರು ತೂತು ಮಾಡಿದ ತೆಂಗಿನ ಕರಟ ತನ್ನಿರಿ. ಎರಡು ಗೆಣ್ಣಿನ ಒಂದೊಂದು ತುಂಡು ಕೊಡುತ್ತೇವೆ.