ರಜೆ ಕೊಡಬೇಕಾದವರು ಯಾರು?

ಕಟಪಾಡಿಯ ಡಾಕ್ಟರಮ್ಮ, ರಜೆ ಕೇಳಿದರೆ ಕಾಲೇಜಿನವರು ಆಸ್ಪತ್ರೆಯ ಕಡೆಗೂ ಆಸ್ಪತ್ರೆಯವರು ಕಾಲೇಜಿನ ಕಡೆಗೂ ಬೆರಳು ತೋರಿಸುತ್ತಾರೆ ಎಂದು ಬರೆದಿದ್ದೀರಿ. ನೀವು ಹಿಡಿಯಬೇಕಾದವರು ಮೂರನೆಯವರು: ಜಿಲ್ಲಾ ರೆಸಿಡೆನ್ಸಿ ಕಾರ್ಯಕ್ರಮದ ಸಂಯೋಜಕರು.

ವೈದ್ಯಕೀಯ ಸ್ನಾತಕೋತ್ತರ ಶಿಕ್ಷಣದ ನಿಯಮಗಳಿಗೆ 2020ರಲ್ಲಿ ಬಂದ ತಿದ್ದುಪಡಿಯಿಂದ ಎಂಡಿ, ಎಂಎಸ್ ವಿದ್ಯಾರ್ಥಿಗಳಿಗೆ ಈ ಕಾರ್ಯಕ್ರಮದಡಿ ಜಿಲ್ಲಾ ಆಸ್ಪತ್ರೆಯಲ್ಲಿ ಮೂರು ತಿಂಗಳ ಸೇವೆ ಕಡ್ಡಾಯವಾಯಿತು. ಮಣಿಪಾಲದಲ್ಲಿ ಓದಿದರೂ ಮೈಸೂರಿನಲ್ಲಿ ಓದಿದರೂ ನಿಯಮ ಒಂದೇ. ಈ ಅವಧಿಯಲ್ಲಿ ನಿಮ್ಮ ಮೇಲ್ವಿಚಾರಣೆ ಸಂಯೋಜಕರದು, ಕೆಲಸ ಕಲಿಸುವ ಹೊಣೆ ಅಲ್ಲಿನ ತಜ್ಞರದು. ಸ್ಟೈಪೆಂಡ್ ಮಾತ್ರ ನಿಮ್ಮ ಕಾಲೇಜೇ ಕೊಡಬೇಕು, ಅದೂ ಜಿಲ್ಲೆಯಿಂದ ಹೋಗುವ ಹಾಜರಾತಿ ನೋಡಿ. ನಿಮ್ಮ ಹಣ ತಡವಾಗುತ್ತಿರುವುದು ಬಹುಶಃ ಆ ಕಾಗದ ಯಾವುದೋ ಮೇಜಿನ ಮೇಲೆ ಕೂತಿರುವುದರಿಂದ. ಮೊದಲು ಅದನ್ನು ವಿಚಾರಿಸಿ.

ರಾತ್ರಿ ಪಾಳಿಯ ಬಗ್ಗೆ ನಿಮಗೆ ಹಿಡಿಸದ ಮಾತು ಹೇಳಬೇಕು: ಅದು ನಿಯಮದಲ್ಲೇ ಇದೆ, ಬೇಡ ಎನ್ನಲಾಗದು. ಆದರೆ ನಿಮ್ಮ ವಿಭಾಗದ ತಜ್ಞರು ಫೋನಿಗೂ ಸಿಗದೆ ನಿಮ್ಮೊಬ್ಬರನ್ನೇ ಕ್ಯಾಶುವಾಲ್ಟಿಯಲ್ಲಿ ನಿಲ್ಲಿಸುವುದು ತರಬೇತಿಯಲ್ಲ, ಆಳಿನ ಕೊರತೆ ತುಂಬಿಸುವ ಉಪಾಯ. ಇದನ್ನು ಬಾಯಿಮಾತಿನಲ್ಲಿ ಬಿಡಬೇಡಿ. ದಿನಾಂಕ, ಪಾಳಿ, ಅಂದು ಕರೆಗೆ ಇದ್ದ ತಜ್ಞರು ಯಾರು ಎಂಬುದನ್ನು ಬರೆದಿಡಿ. ಸಂಯೋಜಕರಿಗೆ ಅರ್ಜಿ ಕೊಟ್ಟು ಸ್ವೀಕೃತಿ ಸಹಿ ಪಡೆಯಿರಿ. ಪ್ರತಿಯನ್ನು ಕಾಲೇಜಿನಲ್ಲಿರುವ ನಿಮ್ಮ ವಿಭಾಗದ ಮುಖ್ಯಸ್ಥರಿಗೂ ಕಳಿಸಿ.

ಸೇವೆ ತೃಪ್ತಿಕರವಾಗಿ ಮುಗಿಯದೆ ಅಂತಿಮ ಪರೀಕ್ಷೆಗೆ ಕೂರುವಂತಿಲ್ಲ. ಹಾಗಾಗಿ ಸಿಟ್ಟಿನಲ್ಲಿ ಗೈರಾಗಬೇಡಿ. ಲಾಗ್‌ಬುಕ್‌ಗೆ ಆಯಾ ವಾರವೇ ಸಹಿ ಹಾಕಿಸಿಕೊಳ್ಳಿ. ಕೊನೆಯ ದಿನ ಕೇಳಿದರೆ ಸಹಿ ಹಾಕಬೇಕಾದವರೇ ರಜೆಯಲ್ಲಿರುತ್ತಾರೆ.