ಗುಟ್ಕಾ ಬಿಟ್ಟ ಬಾಯಿಗೆ ಏನು?

ಗುಟ್ಕಾ ಒಂದೇ ಆದರೂ ಅದು ಬೇಕೆನಿಸುವ ಕಾರಣಗಳು ಹಲವು. ಪುಣೆ–ಹೈದರಾಬಾದ್ ಹೆದ್ದಾರಿಯಲ್ಲಿ ಹುಮನಾಬಾದ್ ದಾಟುವ ಲಾರಿ ಚಾಲಕ ರಾತ್ರಿ ಪಾಕೀಟು ಹರಿಯುವುದು ನಿದ್ದೆ ತಡೆಯಲು. ಬೆಳಿಗ್ಗೆ ಚಹಾ ಆದಮೇಲೆ ಹರಿಯುವುದು ಬಾಯಿಯ ರೂಢಿಗೆ. ಬಸವಕಲ್ಯಾಣದಲ್ಲಿ ಸರಕು ಇಳಿಯುವವರೆಗೆ ಕಾಯುವಾಗ ಹರಿಯುವುದು ಬೇಸರಕ್ಕೆ, ಜೊತೆಯವರ ಮಾತಿಗೆ. ಹಾಗಾಗಿ ಬದಲಿಯೂ ಒಂದೇ ಆಗಲಾರದು. ಚಹಾ ಕುಡಿದ ಬಾಯಿಗೆ ಲವಂಗ, ಏಲಕ್ಕಿ, ಬಡೇಸೋಪು ಸಾಕಾಗುತ್ತದೆ. ಕಾಯುವ ಹೊತ್ತಿಗೆ ಪಾನ್ ಅಂಗಡಿಯಿಂದ ದೂರದ ನೆರಳು ಬೇಕು. ನಿದ್ದೆಗೆ ಮಾತ್ರ ನಿದ್ದೆಯೇ ಬದಲಿ. ಅಲ್ಲಿ ಲವಂಗ ನಂಬಿದರೆ ಚಾಲಕನಿಗೂ ಅಪಾಯ, ಎದುರು ಬರುವವರಿಗೂ ಅಪಾಯ. ಬರೀ ಅಡಿಕೆಗೆ ಹೊರಳಿದರೆ ಬಿಟ್ಟಂತಾಗದು: ತಂಬಾಕಿಲ್ಲದ ಅಡಿಕೆಯೂ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರ ವರದಿಯಲ್ಲೇ ಹೇಳಿದೆ.

ಸಂದರ್ಭ ಉಳಿದರೆ ಚಟವೂ ಉಳಿಯುತ್ತದೆ. 2013ರಲ್ಲಿ ಕರ್ನಾಟಕ ಗುಟ್ಕಾ ನಿಷೇಧಿಸಿದಾಗ ಪಾನ್ ಮಸಾಲಾ ಒಂದು ಮಾಲೆ, ತಂಬಾಕು ಇನ್ನೊಂದು ಮಾಲೆಯಾಗಿ ಅಂಗಡಿಯಲ್ಲಿ ತೂಗಿದವು. ಬೆರೆಸುವ ಕೆಲಸ ಗಿರಾಕಿಯ ಅಂಗೈಗೆ ಬಂತು, ಅಷ್ಟೇ. ಅಂಗಡಿ ಅದೇ, ಹೊತ್ತು ಅದೇ.

ಚಟದ ಕಸುವನ್ನು ಬೇರೆಡೆಗೆ ತಿರುಗಿಸಿದವರು 12ನೇ ಶತಮಾನದ ಶರಣರಲ್ಲೂ ಇದ್ದರು. ಕನ್ನದ ಮಾರಿತಂದೆ ಮೊದಲು ಕಳ್ಳನಾಗಿದ್ದನೆಂದು ಪ್ರತೀತಿ. ಅವನ ವಚನಗಳಲ್ಲಿ ಕನ್ನ, ಕತ್ತಲೆಗಳ ಹಳೆಯ ನುಡಿಗಟ್ಟು ಹಾಗೆಯೇ ಉಳಿದಿದೆ. ಅದರ ಗುರಿ ಮಾತ್ರ ಬೇರೆ.

ಇಳಕಲ್ಲಿನ ಮಹಾಂತ ಶಿವಯೋಗಿಗಳು 1975ರಲ್ಲಿ ಆರಂಭಿಸಿದ ಮಹಾಂತ ಜೋಳಿಗೆಗೆ ಜನ ತಮ್ಮ ಚಟಗಳನ್ನೇ ಭಿಕ್ಷೆ ಹಾಕಿದರು. ಅವರ ಹುಟ್ಟುದಿನ, ಆಗಸ್ಟ್ 1, ರಾಜ್ಯದಲ್ಲಿ ವ್ಯಸನಮುಕ್ತ ದಿನ. ನಾಲ್ಕು ಜನರ ಮುಂದೆ ಕೊಟ್ಟ ಮಾತಿಗೆ ಬಲವುಂಟು. ಆದರೆ ಮರುದಿನ ಚಹಾದಂಗಡಿ ಮುಂದೆ ನಿಂತಾಗ ಕೈ ಏನು ಮಾಡಬೇಕೆಂಬುದನ್ನು ಆ ಮಾತು ಹೇಳಿಕೊಡುವುದಿಲ್ಲ.

ತಂಬಾಕು ಬಿಟ್ಟವರಿಗೆ ಸಿಡುಕು, ತಲೆನೋವು, ನಿದ್ದೆಗೇಡು ಮೊದಲ ಕೆಲವು ದಿನ ಜೋರು. ಕೆಲವು ವಾರಗಳಲ್ಲಿ ಇಳಿಯುತ್ತದೆ. ಹೊಸ ರೂಢಿ ಕೂರಲು ಇನ್ನೂ ಹೆಚ್ಚು ಕಾಲ ಹಿಡಿಯುತ್ತದೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪಾ ಲ್ಯಾಲಿ ಮತ್ತು ಸಂಗಡಿಗರ 2010ರ ಅಧ್ಯಯನ ಕಂಡ ಲೆಕ್ಕ ಸುಮಾರು 66 ದಿನ. ವ್ಯಕ್ತಿ, ಕೆಲಸ ನೋಡಿಕೊಂಡು ಅದು 18ರಿಂದ 254 ದಿನಗಳವರೆಗೆ ಹರಡಿತ್ತು. ನಡುವೆ ಒಂದು ದಿನ ತಪ್ಪಿದರೂ ರೂಢಿ ಕೆಡಲಿಲ್ಲ. ಒಮ್ಮೆ ಪಾಕೀಟು ಹರಿದವರು ಎಲ್ಲ ಮುಗಿಯಿತೆಂದು ಕೈಬಿಡಬೇಕಾಗಿಲ್ಲ. ತಂಬಾಕು ಬಿಡುವವರಿಗಾಗಿ 1800-11-2356 ಎಂಬ ರಾಷ್ಟ್ರೀಯ ಸಹಾಯವಾಣಿಯೂ ಇದೆ, ಕರೆ ಉಚಿತ.